ಅಸೈನ್‌ಮೆಂಟ್ ಗಡುವು
ಆನ್‌ಲೈನ್ ಕಲಿಕೆಯಲ್ಲಿ ಅಧ್ಯಾಪಕರು ಕೊಟ್ಟ ಕೆಲಸವನ್ನು ವಿದ್ಯಾರ್ಥಿಗಳು ಒಪ್ಪಿಸಬೇಕಾದ ದಿನ ಮತ್ತು ವೇಳೆ. ಪಾಠ, ಕಿರುಪರೀಕ್ಷೆ, ಅಸೈನ್‌ಮೆಂಟ್‌ಗಳನ್ನು ಅಂತರ್ಜಾಲದಲ್ಲಿ ಒಂದೆಡೆ ನಡೆಸುವ ತಂತ್ರಾಂಶಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ (ಎಲ್‌ಎಂಎಸ್) ಎನ್ನುತ್ತಾರೆ. ಕರ್ನಾಟಕ ಸರ್ಕಾರವು 2021ರಲ್ಲಿ ಇದನ್ನು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಹಾಗೂ ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಜಾರಿಗೆ ತಂದುದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸರ್ಕಾರಿ ಕಾಲೇಜುಗಳಿಗೂ ಗಡುವಿನ ನಿರ್ವಹಣೆ ಮುಖ್ಯ ವಿಷಯವಾಯಿತು. 2002ರಲ್ಲಿ ಬಿಡುಗಡೆಯಾದ ಮೂಡಲ್ ಎಂಬ ಮುಕ್ತ ಎಲ್‌ಎಂಎಸ್ ತಂತ್ರಾಂಶದಲ್ಲಿ ಸಲ್ಲಿಕೆಯ ಗಡುವು ಮತ್ತು ಅಂತಿಮ ಗಡುವು ಬೇರೆಬೇರೆಯಾಗಿದ್ದು, ಮೊದಲನೆಯದು ದಾಟಿದರೆ ಸಲ್ಲಿಕೆಯು ತಡವಾದುದೆಂದು ದಾಖಲಾಗುತ್ತದೆ, ಎರಡನೆಯದು ದಾಟಿದರೆ ಸಲ್ಲಿಕೆಗೆ ಅವಕಾಶವೇ ಇರುವುದಿಲ್ಲ. ಅನಾರೋಗ್ಯದಂತಹ ಸಂದರ್ಭದಲ್ಲಿ ಅಧ್ಯಾಪಕರು ಒಬ್ಬ ವಿದ್ಯಾರ್ಥಿಗೆ ಅಥವಾ ಒಂದು ಗುಂಪಿಗೆ ಮಾತ್ರ ಗಡುವನ್ನು ವಿಸ್ತರಿಸಬಹುದು. ಕೇಂದ್ರ ಸರ್ಕಾರದ ಸ್ವಯಂ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ದೊರೆಯುವ, ಐಐಟಿ ಮೊದಲಾದ ಸಂಸ್ಥೆಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರವಾರದ ಅಸೈನ್‌ಮೆಂಟ್‌ಗಳಿಗೆ ಗಡುವು ನಿಗದಿಯಾಗಿರುತ್ತದೆ. ಅಂತಿಮ ಅಂಕದಲ್ಲಿ ಅವುಗಳ ಪಾಲು ಸಾಮಾನ್ಯವಾಗಿ ಶೇ. 25.