ಒಂಬತ್ತನೆಯ ಚಿಪ್‌ನ ಕಥೆ

5 ಮಿಲಿಗ್ರಾಂಗೂ 69 ಮಿಲಿಗ್ರಾಂಗೂ ಇರುವ ವ್ಯತ್ಯಾಸವನ್ನು ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಇವೆರಡರ ನಡುವೆ ಇರುವುದು ಒಂದೇ ಬಿಟ್. 5 ಅಲ್ಲಿ 00000101 ಎಂದು ಕೂತಿರುತ್ತದೆ. ಎಡದಿಂದ ಎರಡನೆಯ ಸೊನ್ನೆ ಒಂದಾಗಿಬಿಟ್ಟರೆ ಅದೇ 69. ದಿನವಿಡೀ ಪರದೆಯ ಅಂಕಿಗಳನ್ನು ನಂಬಿ ಮಾತ್ರೆ ಎಣಿಸುವ ನಮಗೆ, ಸರ್ವರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲು ಕಲಿತ ಕಥೆ ಬರೀ ಕಂಪ್ಯೂಟರಿನವರ ವಿಷಯ ಅನ್ನಿಸುವುದಿಲ್ಲ.

ಮೊದಲಿದ್ದ ಉಪಾಯ ಪ್ಯಾರಿಟಿ. ಎಂಟು ಬಿಟ್‌ಗಳ ಜೊತೆ ಒಂಬತ್ತನೆಯದೊಂದನ್ನು ಸೇರಿಸಿ, ಒಟ್ಟು ಒಂದುಗಳ ಸಂಖ್ಯೆ ಸದಾ ಬೆಸವಾಗಿಯೋ ಸಮವಾಗಿಯೋ ಇರುವಂತೆ ನೋಡಿಕೊಳ್ಳುವುದು. ಸ್ಟಾಕ್ ಎಣಿಸುವಾಗ ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯುತ್ತದೆ, ಯಾವ ಕಪಾಟಿನಲ್ಲಿ ಎಂದು ತಿಳಿಯುವುದಿಲ್ಲ, ಹಾಗೆಯೇ ಇದು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿಗೆ ಬೇಸರ ತಂದದ್ದು ಇದೇ. 1940ರ ದಶಕದ ಕೊನೆಯಲ್ಲಿ ಅವರಿಗೆ ರಿಲೇ ಕಂಪ್ಯೂಟರ್ ಸಿಗುತ್ತಿದ್ದದ್ದು ವಾರಾಂತ್ಯಕ್ಕೆ. ಯಂತ್ರದ ಬಳಿ ಜನ ಇರುತ್ತಿರಲಿಲ್ಲ. ತಪ್ಪು ಕಂಡರೆ ಅದು ಆ ಲೆಕ್ಕವನ್ನು ಅಲ್ಲಿಗೇ ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಕೆಲಸ ಆಗಿಲ್ಲ! ತಪ್ಪಾಗಿದೆ ಎಂದು ಗೊತ್ತುಮಾಡುವ ಯಂತ್ರ ಅದನ್ನು ತಿದ್ದಬಾರದೇಕೆ ಎಂದು ಹ್ಯಾಮಿಂಗ್ ಯೋಚಿಸಿದರು. ಒಂದೇ ತಾಳೆಯ ಬದಲು, ಪ್ರತಿ ಬಿಟ್ಟನ್ನೂ ಬೇರೆಬೇರೆ ಗುಂಪುಗಳಲ್ಲಿ ಎಣಿಸಿ ಹಲವು ತಾಳೆಗಳನ್ನಿಟ್ಟರು. ಯಾವ ಯಾವ ಗುಂಪು ತಾಳೆಯಾಗಲಿಲ್ಲ ಎಂಬುದೇ ತಪ್ಪಿದ ಬಿಟ್ಟನ್ನು ತೋರಿಸಿಕೊಡುತ್ತದೆ. ಇದು 1950ರಲ್ಲಿ ಪ್ರಕಟವಾಯಿತು.

ಎಲ್ಲರೂ ಕೂಡಲೇ ಒಪ್ಪಿದರೆಂದಲ್ಲ. ಸೆಮೋರ್ ಕ್ರೇ ವಿನ್ಯಾಸ ಮಾಡಿದ 1964ರ ಸಿಡಿಸಿ 6600 ಆ ಕಾಲದ ಅತಿ ವೇಗದ ಕಂಪ್ಯೂಟರ್. ಅದರ ಮೆಮೊರಿಗೆ ಪ್ಯಾರಿಟಿ ಕೂಡ ಇರಲಿಲ್ಲ. ಮುಂದೆ ಅವರದೇ ಕ್ರೇ-1ರಲ್ಲಿ 64 ಬಿಟ್‌ಗೆ 8 ತಿದ್ದುಪಡಿ ಬಿಟ್ ಸೇರಿ 72 ಆಯಿತು. ವೇಗದ ಹುಚ್ಚಿನವರೂ ಕೊನೆಗೆ ತಗ್ಗಿದರು ಅನ್ನಿ.

ಅಷ್ಟರಲ್ಲಿ ಮೆಮೊರಿಯೇ ಬದಲಾಗಿತ್ತು. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಕಂಡುಹಿಡಿದ ಡಿರ‍್ಯಾಮ್‌ನಲ್ಲಿ ಬಿಟ್ ಅಂದರೆ ಪುಟ್ಟ ಕೆಪಾಸಿಟರಿನಲ್ಲಿ ನಿಂತ ವಿದ್ಯುದಂಶ, ಅಷ್ಟೆ. ತೂತು ಕೊಡಪಾನದ ನೀರಿನಂತೆ ಅದು ಸೋರುತ್ತದೆ. ಸೆಕೆಂಡಿಗೆ ಹಲವು ಸಲ ಮತ್ತೆ ತುಂಬಬೇಕು. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ತಿಮತಿ ಮೇ ಮತ್ತು ಮರ‍್ರೆ ವುಡ್ಸ್ ಇನ್ನೊಂದು ಸಂಗತಿ ತೋರಿಸಿದರು: ಚಿಪ್‌ನ ಕವಚದಲ್ಲಿದ್ದ ಯುರೇನಿಯಂ, ಥೋರಿಯಂನ ಲವಲೇಶದಿಂದ ಹೊರಡುವ ಆಲ್ಫಾ ಕಣಗಳೇ ಬಿಟ್ಟನ್ನು ತಿರುಗಿಸಬಲ್ಲವು. ಚಿಪ್ ಕೆಟ್ಟಿರುವುದಿಲ್ಲ, ಬರೆದದ್ದು ಮಾತ್ರ ಬದಲಾಗಿರುತ್ತದೆ. ಹಾಗಾಗಿಯೇ ಇದು ಅಪಾಯ. ಬೆಲ್ಜಿಯಂನ 2003ರ ಚುನಾವಣೆಯಲ್ಲಿ ಸ್ಕಾರ್‌ಬೇಕ್‌ನ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಿದ್ದದ್ದು ಕಂಡಿತು. 4096 ಸರಿಯಾಗಿ ಒಂದು ಬಿಟ್‌ನ ಬೆಲೆ. ಕಾರಣ ಸಾಬೀತಾಗಲಿಲ್ಲ, ಬಾಹ್ಯಾಕಾಶದ ಕಿರಣವೆಂಬ ಗುಮಾನಿ ಉಳಿಯಿತು.

ಇಂಥ ಘಟನೆ ಅಪರೂಪವೆಂದು ಬಹಳ ಜನ ನಂಬಿದ್ದರು. ಗೂಗಲ್‌ನ ಸರ್ವರುಗಳ ಮೇಲೆ ನಡೆದು 2009ರಲ್ಲಿ ಹೊರಬಂದ ಅಧ್ಯಯನದಲ್ಲಿ, ವರ್ಷಕ್ಕೆ ನೂರಕ್ಕೆ 8ಕ್ಕಿಂತ ಹೆಚ್ಚು ಮೆಮೊರಿ ಮಾಡ್ಯೂಲ್‌ಗಳಲ್ಲಿ ತಪ್ಪು ಕಂಡವು.

ಬರ್ ದುಬೈಯ ಕಂಪ್ಯೂಟರ್ ಅಂಗಡಿಗಳಿಗೆ ಹೋದರೆ ಗಮನಿಸಿ: ಡಿಡಿಆರ್4ರವರೆಗಿನ ಮಾಮೂಲಿ ಮಾಡ್ಯೂಲಿನ ಒಂದು ಸಾಲಿನಲ್ಲಿ ಸಾಧಾರಣವಾಗಿ 8 ಚಿಪ್, ಇಸಿಸಿ ಇರುವುದರಲ್ಲಿ 9. ಸರ್ವರಿನದಾದರೆ ನಡುವೆ ರಿಜಿಸ್ಟರ್ ಎಂಬ ಇನ್ನೊಂದು ಚಿಪ್ ಕೂಡ ಇರಬಹುದು. ವಿಳಾಸ ಮತ್ತು ಆಜ್ಞೆಗಳನ್ನು ಅದು ಮೊದಲು ತಾನು ಪಡೆದು ಮುಂದಕ್ಕೆ ಕೊಡುವುದರಿಂದ ಒಂದೇ ಬೋರ್ಡಿಗೆ ಹೆಚ್ಚು ಮಾಡ್ಯೂಲ್ ಹಾಕಬಹುದು. ರಿಜಿಸ್ಟರ್ ಇರುವುದನ್ನೂ ಇಲ್ಲದ್ದನ್ನೂ ಒಟ್ಟಿಗೆ ಹಾಕಿದರೆ ಯಂತ್ರ ಏಳುವುದಿಲ್ಲ. ಇಸಿಸಿ ಕೊಂಡರೂ ಪ್ರೊಸೆಸರ್, ಮದರ್‌ಬೋರ್ಡ್ ಎರಡೂ ಅದನ್ನು ಒಪ್ಪಬೇಕು. ಒಪ್ಪಿದ ಸರ್ವರ್ ಒಂದು ಬಿಟ್‌ನ ತಪ್ಪನ್ನು ತಿದ್ದಿ ದಾಖಲೆಯಲ್ಲಿ ಬರೆದಿಡುತ್ತದೆ, ಎರಡಾದರೆ ಗುರುತಿಸುತ್ತದೆ. ಒಂದೇ ಸ್ಲಾಟಿನ ಹೆಸರು ದಾಖಲೆಯಲ್ಲಿ ಮತ್ತೆಮತ್ತೆ ಬಂದರೆ, ಆ ಮಾಡ್ಯೂಲನ್ನು ಬದಲಾಯಿಸುತ್ತಾರೆ.