ಔಟ್‌ಪುಟ್ ಪಿನ್ನಿನ ಸ್ಥಿತಿ ಓದುವಿಕೆ

ಚಿಪ್ಪಿನ ಪಿನ್ನೊಂದಕ್ಕೆ 0 ಅಥವಾ 1 ಬರೆದ ಮೇಲೆ ಅದು ಈಗ ಯಾವ ಸ್ಥಿತಿಯಲ್ಲಿದೆ ಎಂದು ಸಾಫ್ಟ್‌ವೇರ್ ಮತ್ತೆ ಕೇಳಿ ತಿಳಿಯುವ ವಿಧಾನ. ಲಿನಕ್ಸ್‌ನಲ್ಲಿ ಯೂಸರ್ ಸ್ಪೇಸ್‌ನಿಂದ, ಅಂದರೆ ಕರ್ನೆಲ್‌ನ ಹೊರಗಿನ ಪ್ರೋಗ್ರಾಮಿನಿಂದ, ಹೀಗೆ ಕೇಳುವುದು ಸುಲಭ. ಸಿಗುವ ಉತ್ತರದ ಅರ್ಥ ಮಾತ್ರ ಚಿಪ್ಪಿನಿಂದ ಚಿಪ್ಪಿಗೆ ಬೇರೆ.

ಕೊನೆಗೆ ಬರೆದ ಬೆಲೆಯನ್ನು ಹಿಡಿದಿಡುವುದು ಲ್ಯಾಚ್. ಪಿನ್ನಿನ ಮೇಲೆ ನಿಜವಾಗಿ ಇರುವ ವೋಲ್ಟೇಜನ್ನು ನೋಡುವುದು ಇನ್‌ಪುಟ್ ಬಫರ್. ಪಿನ್ನು ಗ್ರೌಂಡಿಗೆ ಶಾರ್ಟ್ ಆದರೆ, ಅಥವಾ ಓಪನ್ ಡ್ರೈನ್ ತಂತಿಯನ್ನು ಇನ್ನೊಂದು ಚಿಪ್ಪು ಕೆಳಕ್ಕೆಳೆದರೆ, ಇವೆರಡೂ ಬೇರೆ ಬೇರೆ ಹೇಳುತ್ತವೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಕಲಿಸಿದ 8051 ಮೈಕ್ರೊಕಂಟ್ರೋಲರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಿನ್ನನ್ನು ನೇರವಾಗಿ ಟ್ರಾನ್ಸಿಸ್ಟರಿನ ಬೇಸ್‌ಗೆ ಜೋಡಿಸಿದ್ದರೆ, 1 ಬರೆದರೂ ಅಲ್ಲಿ ಸುಮಾರು 0.7 ವೋಲ್ಟ್ ಮಾತ್ರ ನಿಲ್ಲುತ್ತದೆ. ಪಿನ್ನನ್ನು ಓದಿದರೆ 0 ಎಂದೇ ಕಾಣುತ್ತದೆ. ಆದ್ದರಿಂದಲೇ ಒಂದು ಬಿಟ್ ಮಾತ್ರ ಬದಲಿಸಿ ಬರೆಯುವ ಆದೇಶಗಳು ಅದರಲ್ಲಿ ಪಿನ್ನನ್ನು ಬಿಟ್ಟು ಲ್ಯಾಚನ್ನು ಓದುತ್ತವೆ.

ರಾಸ್ಪ್‌ಬೆರಿ ಪೈನ ಮೊದಲ ಚಿಪ್ಪಾದ ಬಿಸಿಎಂ 2835ರಲ್ಲಿ ಪಿನ್ನನ್ನು 1 ಮಾಡುವ ಸೆಟ್ ಮತ್ತು 0 ಮಾಡುವ ಕ್ಲಿಯರ್ ರಿಜಿಸ್ಟರ್‌ಗಳಿಗೆ ಬರೆಯಬಹುದೇ ಹೊರತು ಅವನ್ನು ಓದಲಾಗದು. ಓದಲು ಸಿಗುವುದು ಪಿನ್ನಿನ ನಿಜವಾದ ಮಟ್ಟ. ಬೀಗಲ್‌ಬೋನ್ ಬೋರ್ಡಿನ ಲಿನಕ್ಸ್ ಡ್ರೈವರ್ ಔಟ್‌ಪುಟ್ ಪಿನ್ನಿಗೆ ಲ್ಯಾಚಿನ ಬೆಲೆಯನ್ನೇ ಕೊಡುತ್ತದೆ. ಬರೆದ ಬೆಲೆ ಸಿಗಬಹುದು, ತಂತಿಯ ಮಟ್ಟವೂ ಸಿಗಬಹುದು, ಅದು ಡ್ರೈವರಿಗೆ ಬಿಟ್ಟದ್ದು ಎಂದು ಕರ್ನೆಲ್ ದಾಖಲೆಯೇ ಹೇಳುತ್ತದೆ. ಯಂತ್ರ ನಡೆಸುವವರು ಮೊದಲು ಓದಬೇಕಾದ ಮಾತು ಇದು.

2008ರಿಂದ ಬಳಕೆಯಲ್ಲಿದ್ದ ಲಿನಕ್ಸ್‌ನ ಸಿಸ್‌ಎಫ್‌ಎಸ್ ದಾರಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ ಪ್ರತಿ ಪಿನ್ನಿಗೂ ‘ವ್ಯಾಲ್ಯೂ’ ಎಂಬ ಫೈಲು ಇರುತ್ತಿತ್ತು. ಯಾರು ಬೇಕಾದರೂ ತೆರೆದು ಓದಬಹುದಿತ್ತು. 2016ರ ಕರ್ನೆಲ್ 4.8 ಆವೃತ್ತಿಯಲ್ಲಿ ಬಂದ ಕ್ಯಾರೆಕ್ಟರ್ ಡಿವೈಸ್‌ನಲ್ಲಿ ಪಿನ್ನು ಪಡೆದ ಪ್ರೋಗ್ರಾಮೇ ಅದರ ಒಡೆಯ. ಇನ್ನೊಂದು ಪ್ರೋಗ್ರಾಮು ಕೇಳಿದರೆ ‘ಬ್ಯುಸಿ’ ಎಂಬ ದೋಷ ಬರುತ್ತದೆ. ಓದಬೇಕಾದ್ದು ಒಡೆಯನೇ, ಬರೆಯಲು ಪಡೆದ ಅದೇ ಹ್ಯಾಂಡಲ್ ಮೂಲಕ. ಯಾರೂ ಹಿಡಿಯದ ಪಿನ್ನನ್ನು ಲಿಬ್‌ಜಿಪಿಐಒಡಿ ಲೈಬ್ರರಿಯ ‘ಜಿಪಿಐಒಗೆಟ್’ ಆದೇಶದಿಂದ ನೋಡಹೊರಟರೆ ಅಪಾಯವಿದೆ: ಅದು ತಾನಾಗಿ ಪಿನ್ನನ್ನು ಇನ್‌ಪುಟ್‌ಗೆ ತಿರುಗಿಸುತ್ತದೆ. ನೋಡಲು ಹೋದ ಕೈಯೇ ರಿಲೇಯನ್ನು ಬಿಡಿಸಿಬಿಡಬಹುದು. ದಿಕ್ಕು ಇದ್ದಂತೆಯೇ ಇರಲಿ ಎಂಬ ‘ಆ್ಯಸ್-ಈಸ್’ ಆಯ್ಕೆ ಇರುವುದು ಇದಕ್ಕಾಗಿಯೇ.

‘ಆ್ಯಕ್ಟಿವ್ ಲೋ’ ಎಂದು ಪಿನ್ನನ್ನು ಪಡೆದಿದ್ದರೆ ಓದಿದ 1ಕ್ಕೆ ತಂತಿಯಲ್ಲಿ ಸೊನ್ನೆ ವೋಲ್ಟ್. ಪೇಟೆಯ ರಿಲೇ ಬೋರ್ಡುಗಳಲ್ಲಿ ಇಂಥವೇ ಬಹಳ.

ಧಾರವಾಡ ತಾಲ್ಲೂಕಿನ ಗರಗದಂಥ ಊರಲ್ಲಿ ಹೊಲದ ಬೋರ್‌ವೆಲ್ ಮೋಟಾರನ್ನು ಮನೆಯಿಂದಲೇ ಚಾಲೂ ಮಾಡುವ ಸಾಧನ ಕಟ್ಟುವವರಿಗೆ ಈ ವಿಷಯ ನೇರವಾಗಿ ತಟ್ಟುತ್ತದೆ. ಪಿನ್ನು 1 ಎಂದಿತು, ರಿಲೇಯೂ ಕೂತಿತು. ಆದರೂ ತ್ರೀಫೇಸ್ ಕರೆಂಟ್ ಇಲ್ಲದಿದ್ದರೆ ಮೋಟಾರ್ ತಿರುಗದು. ಪಿನ್ನಿನ ಓದು ಪಿನ್ನಿನವರೆಗೆ ಮಾತ್ರ. ಮೋಟಾರ್ ಓಡುತ್ತಿದೆಯೇ ಎಂದು ತಿಳಿಯಲು ಸ್ಟಾರ್ಟರ್‌ನ ಕಾಂಟ್ಯಾಕ್ಟರಿನ ಆಕ್ಸಿಲರಿ ಕಾಂಟ್ಯಾಕ್ಟಿನಿಂದ ಬೇರೊಂದು ತಂತಿಯನ್ನು, ಆಪ್ಟೊಕಪ್ಲರ್ ದಾಟಿಸಿ, ಇನ್‌ಪುಟ್ ಪಿನ್ನಿಗೆ ತರಬೇಕು. ನೀರಿಲ್ಲದೆ ಮೋಟಾರ್ ಬರಿದೇ ಓಡುವುದನ್ನೂ ಹಿಡಿಯಬೇಕಿದ್ದರೆ ಫೇಸ್ ತಂತಿಗೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಹಾಕಿ ಆಂಪಿಯರ್ ಅಳೆಯಬೇಕು.