ನರಸಿಂಗರಾಯರು ತಂದುದು, ಬಿಟ್ಟುದು

ಹೊಸದಾಗಿ ಸ್ವತಂತ್ರವಾದ ನಾಡೊಂದು ಹೊರನಾಡುಗಳ ಅನುಭವದಿಂದ ಎಷ್ಟನ್ನು ತರಬೇಕು, ಎಷ್ಟನ್ನು ಬಿಡಬೇಕು? ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರಿಗೆ ಎದುರಾದ ಪ್ರಶ್ನೆ ಇದೇ.

೧೮೮೭ರಲ್ಲಿ ಇಲ್ಲಿ ಹುಟ್ಟಿದ ರಾಯರು ಕೆನರಾ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಕೇಂಬ್ರಿಜ್‌ನಲ್ಲಿ ಕಲಿತು ಐ.ಸಿ.ಎಸ್. ಸೇರಿದರು. ಕಲಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಅವರನ್ನು ೧೯೪೬ರಲ್ಲಿ ರಾಜ್ಯಾಂಗ ರಚನೆಯ ಸಲಹೆಗಾರರನ್ನಾಗಿ ನೇಮಿಸಲಾಯಿತು. ೧೯೪೭ರ ಅಕ್ಟೋಬರದಲ್ಲಿ ೨೪೩ ಕಲಮುಗಳ ಮೊದಲ ಕರಡನ್ನು ಸಿದ್ಧಪಡಿಸಿ, ಅವರು ಅಮೆರಿಕ, ಕೆನಡ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೊರಟರು.

ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ ಒಂದು ಎಚ್ಚರಿಕೆ ಹೇಳಿದರು. ಪ್ರಜೆಯ ಸ್ವಾತಂತ್ರ್ಯವನ್ನು ನ್ಯಾಯಸಮ್ಮತ ಕ್ರಮವಿಲ್ಲದೆ ಕಸಿಯಕೂಡದೆಂಬ ಮಾತನ್ನು ರಾಜ್ಯಾಂಗದಲ್ಲಿಟ್ಟರೆ, ಜನ ಆರಿಸಿದ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಬಹುದು ಎಂದು. ಅಲ್ಲಿ ಆದದ್ದೂ ಹಾಗೆಯೇ: ಆ ಮಾತಿನ ಹೆಸರಿನಲ್ಲೇ ಕೂಲಿಕಾರರ ದುಡಿಮೆಯ ಹೊತ್ತನ್ನು ಮಿತಗೊಳಿಸಿದ ಕಾನೂನು ೧೯೦೫ರಲ್ಲಿ ಬಿದ್ದುಹೋಗಿತ್ತು. ಭೂಸುಧಾರಣೆಗೆ ಹೊರಟ ದೇಶಕ್ಕೆ ಇದು ಸಣ್ಣ ಭಯವಲ್ಲ. ರಾಯರು ಒಪ್ಪಿದರು. ಅಂಬೇಡ್ಕರರ ಕರಡು ಸಮಿತಿ ಆ ಮಾತನ್ನು ಬಿಟ್ಟು, ಜಪಾನಿನ ರಾಜ್ಯಾಂಗದ ಜಾಡಿನಲ್ಲಿ 'ಕಾನೂನು ಗೊತ್ತುಪಡಿಸಿದ ಕ್ರಮ' ಎಂಬುದನ್ನು ಇರಿಸಿತು. ೨೧ನೆಯ ಕಲಮು ಅದೇ.

ಸುಧಾರಣೆಯ ದಾರಿ ಸುಗಮವಾದೀತೆಂದು ಬಿಟ್ಟ ಮಾತಿಗೆ ಸೆರೆಯಾಳುಗಳು ಬೆಲೆ ತೆರಬೇಕಾಯಿತು. ವಿಚಾರಣೆಯಿಲ್ಲದೆ ಬಂಧಿತರಾದ ಎ. ಕೆ. ಗೋಪಾಲನ್ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಕಾನೂನು ಇದ್ದರೆ ಸಾಕು, ಅದು ನ್ಯಾಯವಾದುದೇ ಎಂದು ಕೇಳಬೇಕಿಲ್ಲವೆಂದು ೧೯೫೦ರಲ್ಲಿ ಬಹುಮತದ ತೀರ್ಪು ಬಂತು. ಫಜಲ್ ಅಲಿಯವರು ಮಾತ್ರ ಈ ವಾದವನ್ನು ಒಪ್ಪಲಿಲ್ಲ. ಕ್ರಮ ನ್ಯಾಯವೂ ಸಮಂಜಸವೂ ಆಗಿರಬೇಕೆಂದು ಅದೇ ಕೋರ್ಟು ಸಾರಿದ್ದು ೧೯೭೮ರಲ್ಲಿ, ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ. ಮುಂಬಾಗಿಲಿನಿಂದ ಕಳುಹಿಸಿದ ಅತಿಥಿ ಹಿತ್ತಿಲ ಬಾಗಿಲಿನಿಂದ ಒಳಬಂದಂತಾಯಿತು.

ರಾಯರು ಅದನ್ನು ಕಾಣಲಿಲ್ಲ. ೧೯೫೦ರ ಜೂನಿನಲ್ಲಿ, ಕೊರಿಯ ಯುದ್ಧ ಹೊತ್ತಿಕೊಂಡಾಗ, ವಿಶ್ವಸಂಸ್ಥೆಯ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಅವರು. ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ ೧೯೫೩ರಲ್ಲಿ ಜ್ಯೂರಿಕ್‌ನಲ್ಲಿ ತೀರಿಕೊಂಡರು. ತಮ್ಮಂದಿರಲ್ಲಿ ರಾಮರಾಯರು ೧೯೪೯ರಿಂದ ೧೯೫೭ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಶಿವರಾಯರು ರಾಜ್ಯಾಂಗ ಸಭೆಯಲ್ಲಿ ಕುಳಿತವರು, ಅದರ ದಾಖಲೆಗಳನ್ನು ಸಂಪುಟಗಳಾಗಿ ಹೊರತಂದವರು.

ನರಸಿಂಗರಾಯರು ತಪ್ಪಿದರೆನ್ನಲು ನಾನು ಸಿದ್ಧನಿಲ್ಲ. ಅವರು ಅಂಜಿದ್ದು ಉಳ್ಳವರ ಪರವಾಗಿ ನಿಲ್ಲಬಹುದಾದ ನ್ಯಾಯಪೀಠಕ್ಕೆ. ಕಾನೂನೇ ಬಡವನ ಮೇಲೆ ಬೀಳಬಹುದೆಂಬುದನ್ನು ತೋರಿಸಿಕೊಟ್ಟದ್ದು ಕಾಲ. ಹೊರಗಿನವರ ಅನುಭವವನ್ನು ಕೇಳಿ ತಿಳಿಯಬಹುದು. ನಮ್ಮ ಅನುಭವವನ್ನು ನಾವೇ ಪಡಬೇಕು.